ಹಾರ್ವರ್ಡಿನಿಂದ ಬಿ.ಎಚ್. ರಸ್ತೆಗೆ

ತುಮಕೂರಿನಿಂದ ಶಿರಾದ ಕಡೆಗೆ ಸಾಗುವ ಹೆದ್ದಾರಿಯ ಆಸುಪಾಸಿನಲ್ಲಿ, ಒಂದು ಕಾಲಕ್ಕೆ ರಾಗಿ, ಕಡಲೇಕಾಯಿ, ಹುರುಳಿಗಳನ್ನು ಬೆಳೆಯುತ್ತಿದ್ದ ಬಯಲನ್ನು ಆವರಿಸಿಕೊಂಡು ಇಂದು ವಸಂತನರಸಾಪುರದ ಕೈಗಾರಿಕಾ ಪ್ರದೇಶವು ಹಬ್ಬಿದೆ. ಅಲ್ಲಿನ ಕಾರ್ಖಾನೆಗಳ ಗೇಟಿನಲ್ಲಿ ಕಾಲೇಜಿನ ಪತ್ರವೊಂದನ್ನು ಸೆಕ್ಯುರಿಟಿಯವನ ಕೈಗಿತ್ತು, ಎಚ್‌ಆರ್ ವಿಭಾಗದಿಂದ ಕರೆ ಬರುವವರೆಗೆ ಬಿಸಿಲಿನಲ್ಲಿ ಕಾದು ನಿಲ್ಲುವ ತರುಣ ತರುಣಿಯರು ಬಹುಮಟ್ಟಿಗೆ ಎಂ.ಬಿ.ಎ. ವಿದ್ಯಾರ್ಥಿಗಳು, ಪದವಿಯ ಅಂಗವಾದ ‘ಪ್ರಾಜೆಕ್ಟ್’ ಮಾಡಲು ಅನುಮತಿಯನ್ನು ಬೇಡಿ ಬಂದವರು. ಅಮೆರಿಕದ ಒಂದು ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಈ ವಿದ್ಯೆ ಕಲ್ಪತರು ನಾಡೆಂದು ಹೆಸರಾದ ಈ ಜಿಲ್ಲೆಯವರೆಗೆ ಯಾವ ದಾರಿಯಾಗಿ ಬಂದಿತು, ಬಂದಮೇಲೆ ಇಲ್ಲಿನ ನೆಲವನ್ನು ಎಷ್ಟು ನೋಡಿತು ಎಂಬ ವಿಚಾರವು ಆಲೋಚನೆಗೆ ಅರ್ಹವಾದುದು.

ಪದವಿ ಬರುವುದಕ್ಕೆ ಮುನ್ನ ಇಲ್ಲಿ ವ್ಯವಹಾರಜ್ಞಾನವು ಇರಲಿಲ್ಲವೆಂದು ಯಾರೂ ಭಾವಿಸಲಾರರು. ತುಮಕೂರಿನ ಮಂಡಿಪೇಟೆಯಲ್ಲಿಯೂ ತಿಪಟೂರಿನ ಕೊಬ್ಬರಿ ಮಾರುಕಟ್ಟೆಯಲ್ಲಿಯೂ ಗುಮಾಸ್ತನಾಗಿ ಸೇರಿದ ಹುಡುಗನು ಕಿರ್ದಿ ಖತಾವಣಿಗಳನ್ನು ಬರೆಯುತ್ತ, ಸರಕಿನ ತೇವವನ್ನು ಕೈಬೆರಳಿನಿಂದಲೇ ಅಳೆಯುತ್ತ, ಯಾವ ರೈತನಿಗೆ ಎಷ್ಟು ಮುಂಗಡ ಕೊಟ್ಟರೆ ಅದು ಮರಳಿ ಬಂದೀತೆಂಬುದನ್ನು ಮುಖ ನೋಡಿ ನಿರ್ಣಯಿಸುತ್ತ, ಹತ್ತಾರು ವರ್ಷಗಳಲ್ಲಿ ಸ್ವಂತ ಮಂಡಿಯ ಯಜಮಾನನಾಗುತ್ತಿದ್ದುದುಂಟು. ಆ ವಿದ್ಯೆಗೆ ಪಠ್ಯವಿಲ್ಲ, ಪರೀಕ್ಷೆಯಿಲ್ಲ. ಅದಕ್ಕೊಂದು ದೊಡ್ಡ ಕೊರತೆಯೂ ಉಂಟು. ಮಂಡಿಯ ಮನೆತನಗಳಿಗೆ ಹೊರಗಾದವನಿಗೆ ಅದರ ಬಾಗಿಲು ಸುಲಭವಾಗಿ ತೆರೆಯುತ್ತಿರಲಿಲ್ಲ.

ಮಂಡಿಪೇಟೆಗಿಂತ ವಿಸ್ಮಯಕರವಾದ ಉದಾಹರಣೆಯೊಂದು ಗುಬ್ಬಿಯಲ್ಲಿದ್ದಿತು. 1884ರಲ್ಲಿ ಆ ಊರಿನಲ್ಲಿ ಹುಟ್ಟಿದ ಶ್ರೀ ಚನ್ನಬಸವೇಶ್ವರ ಕೃಪಾಪೋಷಿತ ನಾಟಕ ಸಂಘವನ್ನು ನಾವು ಕಲೆಯ ಇತಿಹಾಸದಲ್ಲಿ ಮಾತ್ರವೇ ಸ್ಮರಿಸುತ್ತೇವೆ. ಆದರೆ ನಟರು, ಸಂಗೀತಗಾರರು, ಪರದೆಗಳನ್ನು ಬರೆಯುವವರು, ಅಡಿಗೆಯವರು, ಅವರ ಸಂಸಾರಗಳು, ಸಾಲದುದಕ್ಕೆ ‘ಕುರುಕ್ಷೇತ್ರ’ಕ್ಕೆಂದು ಸಾಕ್ಷಾತ್ ಆನೆ ಕುದುರೆಗಳು, ಇಷ್ಟನ್ನೂ ಊರಿಂದೂರಿಗೆ ಸಾಗಿಸಿ, ಕ್ಯಾಂಪು ಹಾಕಿ, ಮಳೆ ಬಂದು ಗಲ್ಲಾಪೆಟ್ಟಿಗೆ ಬರಿದಾದ ರಾತ್ರಿಯೂ ಎಲ್ಲರಿಗೂ ಊಟವಿಕ್ಕಿ ಕಂಪನಿಯನ್ನು ನಡೆಸುವುದೆಂದರೆ ಅದು ಯಾವ ನಿರ್ವಹಣೆಗೆ ಕಡಿಮೆಯಾದುದು? ಬಾಲನಟನಾಗಿ ಸೇರಿ, ಮುಂದೆ ಒಡೆಯರಾಗಿ, ಸಿನಿಮಾ ಬಂದಾಗ ಅದನ್ನು ಶತ್ರುವೆಂದು ದೂರಮಾಡದೆ ತಾವೇ ಚಿತ್ರ ನಿರ್ಮಾಣಕ್ಕೂ ಚಿತ್ರಮಂದಿರಕ್ಕೂ ಕೈಹಾಕಿದ ಗುಬ್ಬಿ ವೀರಣ್ಣನವರು (1891–1972) ತಮ್ಮ ಉದ್ಯಮದ ಪರಿಸರವು ಬದಲಾಗುತ್ತಿರುವುದನ್ನು ಕಾಲಕ್ಕೆ ಮುಂಚೆ ಗ್ರಹಿಸಿದವರು. ಇಂದು ಅದೇ ಗುಬ್ಬಿಯಲ್ಲಿ ಅದೇ ದೇವರ ಹೆಸರನ್ನು ಹೊತ್ತ ಇಂಜಿನಿಯರಿಂಗ್ ಕಾಲೇಜಿನಲ್ಲಿ ಎಂ.ಬಿ.ಎ. ಪಾಠವಾಗುತ್ತದೆ, ವೀರಣ್ಣನವರ ಕಂಪನಿಯ ಲೆಕ್ಕಪುಸ್ತಕಗಳು ಪಾಠವಾದರೆ ನನಗಂತೂ ಸಂತೋಷ.

ಅತ್ತ ಹಾರ್ವರ್ಡ್ ವಿಶ್ವವಿದ್ಯಾಲಯವು ಎಂ.ಬಿ.ಎ. ಎಂಬ ಪದವಿಯನ್ನು ಆರಂಭಿಸಿದುದು 1908ರಲ್ಲಿ. ವಕೀಲಿ ವಿದ್ಯೆಯನ್ನು ಓದಿದ್ದ ವ್ಯಾಲೇಸ್ ಡೋನಮ್ 1919ರಲ್ಲಿ ಅಲ್ಲಿನ ವ್ಯವಹಾರ ಶಾಲೆಯ ಡೀನ್ ಆಗಿ ಬಂದಮೇಲೆ, ನ್ಯಾಯಶಾಸ್ತ್ರದ ವಿದ್ಯಾರ್ಥಿಗಳು ಹಳೆಯ ತೀರ್ಪುಗಳನ್ನು ಬಿಡಿಸಿ ಓದುವಂತೆ ವ್ಯವಹಾರದ ವಿದ್ಯಾರ್ಥಿಗಳೂ ನಿಜವಾಗಿ ನಡೆದ ಪ್ರಸಂಗಗಳನ್ನು ಮುಂದಿಟ್ಟುಕೊಂಡು ವಾದಿಸಬೇಕೆಂಬ ಪದ್ಧತಿಯು ಬೇರೂರಿತು. ‘ಕೇಸ್ ಸ್ಟಡಿ’ ಎಂದು ನಮ್ಮ ತರಗತಿಗಳಲ್ಲಿ ಕೇಳಿಬರುವುದು ಇದೇ. ಭಾರತದಲ್ಲಿ ಕಲ್ಕತ್ತೆಯ ಸಮಾಜಕಲ್ಯಾಣ ಮತ್ತು ವ್ಯವಹಾರ ನಿರ್ವಹಣಾ ಸಂಸ್ಥೆಯು 1953ರಲ್ಲಿ ದಾರಿ ತೆರೆಯಿತು. 1961ರಲ್ಲಿ ಕಲ್ಕತ್ತೆ ಅಹಮದಾಬಾದುಗಳಲ್ಲಿ ಐ.ಐ.ಎಂ.ಗಳು ಸ್ಥಾಪಿತವಾದುವು. ಅಹಮದಾಬಾದಿಗೆ ಹಾರ್ವರ್ಡಿನ ಸಹಯೋಗವಿದ್ದುದರಿಂದ ಪ್ರಸಂಗಾಧ್ಯಯನದ ಪದ್ಧತಿಯು ಅದರೊಡನೆಯೇ ಹಡಗನ್ನೇರಿ ಬಂದಿತೆನ್ನಬಹುದು.

ಬೆಂಗಳೂರಿನ ಐ.ಐ.ಎಂ. ಇವೆರಡಕ್ಕಿಂತ ಭಿನ್ನವಾದ ಉದ್ದೇಶದಿಂದ ಜನಿಸಿತು. ಎಚ್‌ಎಎಲ್, ಎಚ್‌ಎಂಟಿ, ಐಟಿಐ, ಬಿಇಎಲ್‌ಗಳಿಂದ ತುಂಬಿದ್ದ ನಗರದಲ್ಲಿ, ಸಾರ್ವಜನಿಕ ವಲಯಕ್ಕೆ ಬೇಕಾದ ಆಡಳಿತಗಾರರನ್ನು ಸಿದ್ಧಪಡಿಸಬೇಕೆಂಬ ಸಂಕಲ್ಪದೊಡನೆ, ರಾಜ್ಯ ಸರ್ಕಾರವು ಕೊಟ್ಟ ನೂರು ಎಕರೆ ಭೂಮಿಯ ಭರವಸೆಯ ಮೇಲೆ ಅದು 1973ರ ಅಕ್ಟೋಬರಿನಲ್ಲಿ ಲ್ಯಾಂಗ್‌ಫರ್ಡ್ ರಸ್ತೆಯ ಕಟ್ಟಡವೊಂದರಲ್ಲಿ ಉದ್ಘಾಟನೆಗೊಂಡಿತು. ಬನ್ನೇರುಘಟ್ಟ ರಸ್ತೆಯಲ್ಲಿ ಬಾಲಕೃಷ್ಣ ದೋಶಿಯವರು ಕಲ್ಲಿನಲ್ಲಿ ಕಟ್ಟಿದ ಆವರಣವನ್ನು ನೋಡಲು ಇಂದಿಗೂ ಜನ ಹೋಗುತ್ತಾರೆ. ನನ್ನ ಗಮನವನ್ನು ಸೆಳೆಯುವವರಾದರೋ ಅದರ ಪ್ರಥಮ ನಿರ್ದೇಶಕರಾದ ಎನ್.ಎಸ್. ರಾಮಸ್ವಾಮಿಯವರು. ವಿದೇಶೀ ಗ್ರಂಥಗಳ ಉದ್ಧರಣಗಳಲ್ಲೇ ಕಾಲಕಳೆಯಬಹುದಾಗಿದ್ದ ಸ್ಥಾನದಲ್ಲಿ ಕುಳಿತು ಅವರು ಎತ್ತಿನಗಾಡಿಯ ಸುಧಾರಣೆಯನ್ನು ವ್ರತದಂತೆ ಹಿಡಿದರು. ನೊಗದ ಒತ್ತಡದಿಂದ ಎತ್ತಿನ ಹೆಗಲಿಗಾಗುವ ಹಿಂಸೆ, ಗಾಲಿಯ ಘರ್ಷಣೆ, ದೇಶದ ಸರಕು ಸಾಗಣೆಯಲ್ಲಿ ಪಶುಶಕ್ತಿಯ ಪಾಲು ಇವುಗಳನ್ನು ನಿರ್ವಹಣಾಶಾಸ್ತ್ರದ ವಿಷಯಗಳಾಗಿಯೇ ಪರಿಗಣಿಸಿದರು. ನಕ್ಕವರಿದ್ದರೆ ಆಶ್ಚರ್ಯವಿಲ್ಲ. ಆದರೂ ಕಣ್ಣೆದುರಿನ ವ್ಯವಹಾರವನ್ನೇ ಮೊದಲು ನೋಡಬೇಕೆಂಬ ಆ ನಿಲುವಿಗಿಂತ ಉತ್ತಮವಾದ ಆರಂಭವು ಈ ವಿದ್ಯೆಗೆ ನಮ್ಮಲ್ಲಿ ದೊರೆಯಲಾರದಾಗಿತ್ತು. ಟಿ.ಎ. ಪೈಗಳು 1980ರಲ್ಲಿ ಮಣಿಪಾಲದಲ್ಲಿ ಸ್ಥಾಪಿಸಿದ ಸಂಸ್ಥೆಯನ್ನೂ ಇದೇ ಕಾಲದ ಉತ್ಸಾಹದ ಫಲವೆಂದು ಎಣಿಸಬೇಕು.

ಮಹಾನಗರಗಳ ಈ ವಿದ್ಯೆ ಜಿಲ್ಲಾಕೇಂದ್ರಗಳಿಗೆ ಇಳಿದುಬಂದುದು 1991ರ ಆರ್ಥಿಕ ಉದಾರೀಕರಣದ ಅನಂತರ. ಬ್ಯಾಂಕು, ವಿಮೆ, ಸಾಫ್ಟ್‌ವೇರ್ ಕಂಪನಿಗಳು ಪದವೀಧರರನ್ನು ಕೇಳತೊಡಗಿದುವು. 1998ರಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವು ಅಸ್ತಿತ್ವಕ್ಕೆ ಬಂದು, ಇಂಜಿನಿಯರಿಂಗ್ ಕಾಲೇಜುಗಳ ಆವರಣದಲ್ಲಿಯೇ ಎಂ.ಬಿ.ಎ. ವಿಭಾಗಗಳು ತಲೆಯೆತ್ತಿದುವು. ಶ್ರೀ ಶಿವಕುಮಾರ ಸ್ವಾಮಿಗಳು 1963ರಲ್ಲಿ ಸ್ಥಾಪಿಸಿದ ಸಿದ್ಧಗಂಗಾ ತಾಂತ್ರಿಕ ಮಹಾವಿದ್ಯಾಲಯದಲ್ಲಿಯೂ, 2001ರಲ್ಲಿ ಆರಂಭವಾದ ಗುಬ್ಬಿಯ ಕಾಲೇಜಿನಲ್ಲಿಯೂ ಹೀಗೆಯೇ ಈ ಪದವಿಗೆ ಸ್ಥಳ ದೊರೆಯಿತು. ಬೆಂಗಳೂರು ವಿಶ್ವವಿದ್ಯಾಲಯದಿಂದ ಬೇರ್ಪಟ್ಟು 2004ರಲ್ಲಿ ಸ್ವತಂತ್ರವಾದ ತುಮಕೂರು ವಿಶ್ವವಿದ್ಯಾಲಯವೂ ವ್ಯವಹಾರಾಡಳಿತದ ಅಧ್ಯಯನ ವಿಭಾಗವನ್ನು ಹೊಂದಿತು. ಬೆಂಗಳೂರು–ಹೊನ್ನಾವರ ರಸ್ತೆಯೆಂಬ ಪೂರ್ಣನಾಮವನ್ನು ಯಾರೂ ಉಚ್ಚರಿಸದ ಬಿ.ಎಚ್. ರಸ್ತೆಯ ಬದಿಯಲ್ಲಿ, ಹೀಗೆ ಕೆಲವೇ ವರ್ಷಗಳಲ್ಲಿ, ಹಾರ್ವರ್ಡಿನ ಪದವಿಯು ಪಿಜಿಸಿಇಟಿ ಪ್ರವೇಶ ಪರೀಕ್ಷೆ ಬರೆದ ಯಾರಿಗಾದರೂ ಎಟಕುವಷ್ಟು ಸಮೀಪಕ್ಕೆ ಬಂದಿತು.

ಎಟಕಿದುದು ನಿಜ, ಕರಗತವಾಗುವುದು ಬೇರೆ ಮಾತು. ಏಳನೆಯ ತರಗತಿಯವರೆಗೋ ಹತ್ತರವರೆಗೋ ಕನ್ನಡದಲ್ಲಿಯೇ ಓದಿ, ತಾಲ್ಲೂಕಿನ ಸರ್ಕಾರಿ ಕಾಲೇಜಿನಲ್ಲಿ ಬಿ.ಕಾಂ. ಮುಗಿಸಿ ಬಂದ ಪಾವಗಡದ, ಮಧುಗಿರಿಯ, ಕುಣಿಗಲಿನ ಮಕ್ಕಳು ಮೊದಲ ಸೆಮಿಸ್ಟರಿನಲ್ಲಿ ಎದುರಿಸುವುದು ಅರ್ಥಶಾಸ್ತ್ರವನ್ನಲ್ಲ, ಇಂಗ್ಲಿಷನ್ನು. ಮನೆಯವರ ಅಂಗಡಿಯಲ್ಲಿ ಕುಳಿತು ಲಾಭನಷ್ಟಗಳ ಗುಟ್ಟನ್ನು ಬಾಲ್ಯದಲ್ಲಿಯೇ ಅರಿತ ಹುಡುಗನು ಗ್ರೂಪ್ ಡಿಸ್ಕಷನ್ನಿನ ಮೇಜಿನಲ್ಲಿ ಮೌನವಾಗಿ ಕುಳಿತಿರುತ್ತಾನೆ. ನಾಲ್ಕು ಸೆಮಿಸ್ಟರುಗಳಲ್ಲಿ ಫೈನಾನ್ಸ್, ಮಾರ್ಕೆಟಿಂಗ್, ಎಚ್‌ಆರ್‌ಗಳಲ್ಲಿ ಒಂದೆರಡನ್ನು ವಿಶೇಷವಾಗಿ ಅಭ್ಯಸಿಸಿ ಹೊರಬಿದ್ದವರಲ್ಲಿ ಅನೇಕರು ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಹೋಗಿ ರಾತ್ರಿ ಮರಳುವವರು. ಎಪ್ಪತ್ತು ಕಿಲೋಮೀಟರುಗಳ ಆ ದಾರಿ ಅವರಿಗೆ ಐದನೆಯ ಸೆಮಿಸ್ಟರು.

ಈ ವಿದ್ಯಾರ್ಥಿಗಳ ಸಮೀಪದಲ್ಲಿಯೇ ಇದ್ದ ಒಂದು ಪ್ರಸಂಗವನ್ನು ಮಾತ್ರ ನಾನು ವಿಸ್ತಾರವಾಗಿ ಹೇಳಲೇಬೇಕು. 1961ರಲ್ಲಿ ಜಪಾನಿನ ಸಿಟಿಜನ್ ಸಂಸ್ಥೆಯ ಸಹಾಯದಿಂದ ಬೆಂಗಳೂರಿನಲ್ಲಿ ಕೈಗಡಿಯಾರ ತಯಾರಿಕೆಯನ್ನು ಆರಂಭಿಸಿದ ಎಚ್‌ಎಂಟಿಯು, ಬೇಡಿಕೆಯನ್ನು ಪೂರೈಸಲಾರದಷ್ಟು ಕೀರ್ತಿ ಗಳಿಸಿ, 1978ರಲ್ಲಿ ತುಮಕೂರಿನಲ್ಲಿಯೂ ಕಾರ್ಖಾನೆಯನ್ನು ತೆರೆಯಿತು. ಮದುವೆಗೆ ವರನ ಮಣಿಕಟ್ಟಿಗೆ ಎಚ್‌ಎಂಟಿ ವಾಚು ಕಟ್ಟುವುದು ಗೌರವದ ಲಕ್ಷಣವಾಗಿದ್ದ ಕಾಲವದು. ‘ವಾಚ್ ಫ್ಯಾಕ್ಟರಿ’ಯ ಕೆಲಸವೆಂದರೆ ಕನ್ಯಾಪಿತೃಗಳಿಗೆ ಹೆಚ್ಚಿನ ವಿಚಾರಣೆ ಬೇಕಿರಲಿಲ್ಲ. ಕೀಲಿ ಕೊಡುವ ಗಡಿಯಾರದ ಕಾಲ ಮುಗಿದು ಕ್ವಾರ್ಟ್ಜ್ ಯುಗವು ಬರುತ್ತಿದೆಯೆಂಬುದು ಎಚ್‌ಎಂಟಿಗೆ ತಿಳಿದಿರಲಿಲ್ಲವೆಂದು ಹೇಳುವುದು ಅನ್ಯಾಯ. ತುಮಕೂರು ಕಾರ್ಖಾನೆಯ ಒಂದು ಭಾಗವನ್ನು ಕ್ವಾರ್ಟ್ಜ್ ತಯಾರಿಕೆಗೆಂದೇ ಮಾರ್ಪಡಿಸಿದ್ದರು. ತಂತ್ರವು ಕೈಯಲ್ಲಿದ್ದಿತು, ಇಲ್ಲದಿದ್ದುದು ಅದರಲ್ಲಿ ವಿಶ್ವಾಸ. 1984ರಲ್ಲಿ ನೋಂದಣಿಗೊಂಡ ಟೈಟನ್, ಗಡಿಯಾಚೆಯ ಹೊಸೂರಿನಲ್ಲಿ ಕಾರ್ಖಾನೆ ಕಟ್ಟಿ, ಕ್ವಾರ್ಟ್ಜನ್ನೇ ನಂಬಿ, ಗಡಿಯಾರವನ್ನು ಸಮಯ ನೋಡುವ ಸಾಧನವೆಂಬುದಕ್ಕಿಂತ ಆಭರಣವೆಂಬಂತೆ ಸುಸಜ್ಜಿತ ಮಳಿಗೆಗಳಲ್ಲಿ ಮಾರಿತು. ಎಚ್‌ಎಂಟಿ ವಾಚುಗಳ ಗ್ರಾಹಕರು ಒಬ್ಬೊಬ್ಬರಾಗಿ ದೂರವಾದರು. ಕೊನೆಗೆ 2016ರ ಜನವರಿಯಲ್ಲಿ ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚಲು ಕೇಂದ್ರ ಸಂಪುಟವು ಒಪ್ಪಿಗೆಯಿತ್ತಿತು. ತುಮಕೂರಿನ ಜಮೀನು ಇಸ್ರೋ ಸಂಸ್ಥೆಯ ಪಾಲಾಯಿತು. ಉತ್ಪಾದನೆ, ಮಾರಾಟ, ತಂತ್ರಜ್ಞಾನ, ಕಾರ್ಮಿಕ ಸಂಬಂಧ, ಸರ್ಕಾರದ ನೀತಿ ಇಷ್ಟೂ ಪತ್ರಿಕೆಗಳ ಪಾಠವು ಒಂದೇ ಕಾಂಪೌಂಡಿನೊಳಗೆ ನಡೆದುಹೋಗಿದ್ದಿತು.

ಎರಡನೆಯ ಪ್ರಸಂಗವು ವಸಂತನರಸಾಪುರದ್ದೇ. ಕೇಂದ್ರದ ಮೆಗಾ ಫುಡ್ ಪಾರ್ಕ್ ಯೋಜನೆಯಡಿ, ಚಿಲ್ಲರೆ ಮಳಿಗೆಗಳನ್ನು ನಡೆಸುತ್ತಿದ್ದ ಫ್ಯೂಚರ್ ಗ್ರೂಪಿನ ನೇತೃತ್ವದಲ್ಲಿ 110 ಎಕರೆಗಳಲ್ಲಿ ನಿರ್ಮಿತವಾದ ಆಹಾರ ಪಾರ್ಕನ್ನು 2014ರ ಸೆಪ್ಟೆಂಬರ್ 24ರಂದು ಪ್ರಧಾನಮಂತ್ರಿಗಳು ಉದ್ಘಾಟಿಸಿದರು. ಹೊಲದಿಂದ ಸಂಗ್ರಹಣ ಕೇಂದ್ರಕ್ಕೆ, ಅಲ್ಲಿಂದ ಸಂಸ್ಕರಣೆಗೆ, ಅಲ್ಲಿಂದ ನೇರವಾಗಿ ಮಳಿಗೆಯ ಕಪಾಟಿಗೆ ಎಂಬ ಕಲ್ಪನೆಯು ಕಾಗದದ ಮೇಲೆ ಮನೋಹರವಾದುದು. ದಲಾಲಿಯ ಸರಪಳಿಯನ್ನು ಕಡಿದರೆ ರೈತನಿಗೂ ಕೊಳ್ಳುವವನಿಗೂ ಲಾಭವೆಂಬ ತತ್ತ್ವವನ್ನು ಮಂಡಿಪೇಟೆಯ ಹಿರಿಯರು ಒಪ್ಪುವರೇ ಎಂಬುದು ಬೇರೆಯ ಪ್ರಶ್ನೆ. ಮಳಿಗೆಗಳ ವಿಸ್ತಾರಕ್ಕೆಂದು ಮಾಡಿದ ಸಾಲದ ಭಾರಕ್ಕೆ, ಕೋವಿಡ್ ಕಾಲದ ನಷ್ಟಕ್ಕೆ, ರಿಲಯನ್ಸ್‌ಗೆ ಮಾರಲು ಹೊರಟುದರ ವಿರುದ್ಧ ಅಮೆಜಾನ್ ಹೂಡಿದ ವ್ಯಾಜ್ಯಕ್ಕೆ ಸಿಲುಕಿ ಆ ಗ್ರೂಪಿನ ಫ್ಯೂಚರ್ ರೀಟೇಲ್ ಕಂಪನಿಯು 2022ರ ಜುಲೈಯಲ್ಲಿ ದಿವಾಳಿ ಪ್ರಕ್ರಿಯೆಗೆ ಒಳಗಾಯಿತು. ಕೊಳ್ಳುವ ಕೊನೆಯ ಕೊಂಡಿಯೇ ಕಳಚಿದಾಗ ಸರಪಳಿಯ ಆರಂಭದಲ್ಲಿರುವವರ ಗತಿಯೇನು ಎಂಬುದನ್ನು ಯಾವ ಆಮದಾದ ಪುಸ್ತಕವೂ ಪಾರ್ಕಿನ ಪಕ್ಕದ ಕೋರಾದ ಹೊಲದಷ್ಟು ಹತ್ತಿರದಿಂದ ತೋರಿಸಲಾರದು.

ಹೀಗಿರಲು ಪ್ರಾಜೆಕ್ಟ್ ವರದಿಗಳಲ್ಲಿ ಕಾಣುವುದೇನು? ‘ನೌಕರರ ಉದ್ಯೋಗ ತೃಪ್ತಿ’, ‘ಗ್ರಾಹಕರ ಅಭಿರುಚಿ’. ನೂರು ಮಂದಿಗೆ ಹಂಚಿದ ಪ್ರಶ್ನಾವಳಿ, ಬಣ್ಣಬಣ್ಣದ ಪೈ ಚಾರ್ಟು, ಬೈಂಡಿಂಗು. ತಪ್ಪು ವಿದ್ಯಾರ್ಥಿಗಳದೆಂದು ನಾನು ಹೇಳುವುದಿಲ್ಲ. ಒಳಗೆ ಬಿಟ್ಟುಕೊಳ್ಳುವ ಕಂಪನಿಯು ಲೆಕ್ಕಗಳನ್ನು ತೋರಿಸುವುದಿಲ್ಲ, ಗೈಡ್ ಆದವರ ಕೈಯಲ್ಲಿ ಹತ್ತಾರು ವರದಿಗಳಿರುತ್ತವೆ, ಅವಧಿಯೂ ಅಲ್ಪ. ಆದರೂ ಡೋನಮ್ ಆಗಲಿ ರಾಮಸ್ವಾಮಿಯವರಾಗಲಿ ಇದನ್ನು ಪ್ರಸಂಗಾಧ್ಯಯನವೆಂದು ಒಪ್ಪುತ್ತಿರಲಿಲ್ಲವೆಂದು ನನ್ನ ಭಾವನೆ.

2023ರ ಫೆಬ್ರವರಿ 6ರಂದು ಒಂದೇ ದಿನ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ, 615 ಎಕರೆಗಳ ಮೇಲೆ, ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆಯು ಉದ್ಘಾಟನೆಗೊಂಡಿತು. ಚೆನ್ನೈ–ಬೆಂಗಳೂರು ಕಾರಿಡಾರಿಗೆ ಸೇರಿದ ತುಮಕೂರು ಕೈಗಾರಿಕಾ ಟೌನ್‌ಶಿಪ್ಪಿಗೆ ಶಂಕುಸ್ಥಾಪನೆಯೂ ಆಯಿತು. ಮೂರು ಹಂತಗಳಲ್ಲಿ 8,484 ಎಕರೆಗಳನ್ನು ವ್ಯಾಪಿಸಲಿರುವ ಆ ಟೌನ್‌ಶಿಪ್ಪಿನ ಕಚೇರಿಗಳಲ್ಲಿ ಬಿ.ಎಚ್. ರಸ್ತೆಯ ಪದವೀಧರರಿಗೆ ಎಷ್ಟು ಸ್ಥಾನ ದೊರೆಯುವುದೋ ಕಾದು ನೋಡಬೇಕು. ಅಲ್ಲಿಯವರೆಗೆ ಓದಬೇಕಾದುದು ಸಮೀಪದಲ್ಲಿಯೇ ಇದೆ. 1978ರಲ್ಲಿ ಇಪ್ಪತ್ತೈದರ ಹರೆಯದಲ್ಲಿ ವಾಚ್ ಫ್ಯಾಕ್ಟರಿಗೆ ಸೇರಿದವರು ಈಗ ಎಪ್ಪತ್ತನ್ನು ದಾಟಿದ್ದಾರೆ. ಕ್ವಾರ್ಟ್ಜ್ ವಿಭಾಗದಲ್ಲಿ ದುಡಿದವರೂ, ಯೂನಿಯನ್ನಿನಲ್ಲಿ ವಾದಿಸಿದವರೂ, ಸ್ವಯಂನಿವೃತ್ತಿಯ ಹಣವನ್ನು ಪಡೆದು ಮನೆಗೆ ಹೋದವರೂ ಇದೇ ಊರಿನ ಬಡಾವಣೆಗಳಲ್ಲಿದ್ದಾರೆ. ಬರುವ ವರ್ಷ ಯಾವ ಗೈಡ್ ಮಹಾಶಯರಾದರೂ ಎರಡು ಮೂರು ವಿದ್ಯಾರ್ಥಿಗಳನ್ನು, ಪ್ರಶ್ನಾವಳಿಯನ್ನು ಕೊಡದೆ, ಅವರ ಮನೆಗಳಿಗೆ ಕಳುಹಿಸಬಹುದು.