ಎಡಗೈಯೇ, ಬಲಗೈಯೇ? ಮಗುವಿನ ಕೈ ಪಳಗುವ ಬಗೆ

ತನ್ನ ಮುಂದಿಟ್ಟ ಗಿಲಿಕೆಯನ್ನು ಮಗು ಎಡಗೈಯಿಂದ ಹಿಡಿಯಿತೆಂದರೆ ಸಾಕು, ಮನೆಯ ಹಿರಿಯರಲ್ಲಿ ಯಾರಾದರೊಬ್ಬರು ಅದನ್ನು ಬಿಡಿಸಿ ಬಲಗೈಗೆ ಕೊಡುತ್ತಾರೆ. ‘ಈಗಲೇ ತಿದ್ದದಿದ್ದರೆ ಎಡಚನಾದೀತು’ ಎಂಬ ಅಂಜಿಕೆ ಅವರದು. ಆ ಅಂಜಿಕೆಯ ಹಿಂದೆ ಮಮತೆಯಿದೆ, ನಿಜ. ಆದರೆ ಎಚ್ಚರ ವಹಿಸಬೇಕಾದ ಸಂಗತಿ ಬೇರೆಯೇ ಇದೆ. ಅದನ್ನು ಅರಿಯಲು ಮಗುವಿನ ಕೈ ಪಳಗುವ ಕ್ರಮವನ್ನು ಮೊದಲು ತಿಳಿಯಬೇಕು.

ಹುಟ್ಟಿದ ಕೂಸಿನ ಅಂಗೈಯಲ್ಲಿ ಬೆರಳಿಟ್ಟರೆ ಅದು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಅದು ಬೇಕೆಂದು ಹಿಡಿದದ್ದಲ್ಲ. ನರಮಂಡಲದ ಸಹಜ ಪ್ರತಿಕ್ರಿಯೆ. ಆಗ ಅದರ ಕಣ್ಣಿಗೆ 20ರಿಂದ 30 ಸೆಂಟಿಮೀಟರ್ ದೂರದಲ್ಲಿರುವುದಷ್ಟೇ ತಕ್ಕಮಟ್ಟಿಗೆ ಕಾಣುತ್ತದೆ. ಹಾಲೂಡುವ ತಾಯಿಯ ಮುಖವೂ ಸುಮಾರು ಅಷ್ಟೇ ದೂರದಲ್ಲಿರುತ್ತದೆ. ಎರಡು ಮೂರು ತಿಂಗಳಲ್ಲಿ ಮುಷ್ಟಿ ಸಡಿಲಗೊಳ್ಳುತ್ತದೆ. ಕೂಸು ತನ್ನ ಕೈಯನ್ನೇ ಮುಖದ ಮುಂದೆ ಹಿಡಿದು ನಿಟ್ಟಿಸುತ್ತದೆ. ಕಣ್ಣಿಗೂ ಕೈಗೂ ನಂಟು ಬೆಳೆಯತೊಡಗುವುದು ಹೀಗೆ. ನಾಲ್ಕೈದು ತಿಂಗಳಿಗೆ ಕಂಡದ್ದರತ್ತ ಕೈ ಚಾಚುತ್ತದೆ. ಆರು ತಿಂಗಳ ಸುಮಾರಿಗೆ ವಸ್ತುವನ್ನು ಒಂದು ಕೈಯಿಂದ ಮತ್ತೊಂದಕ್ಕೆ ಬದಲಿಸುತ್ತದೆ. ಒಂಬತ್ತು ಹತ್ತು ತಿಂಗಳಿಗೆ ಹೆಬ್ಬೆರಳು, ತೋರುಬೆರಳುಗಳನ್ನು ಜೋಡಿಸಿ ಅನ್ನದ ಅಗುಳನ್ನು ಹೆಕ್ಕುತ್ತದೆ. ವರುಷ ತುಂಬುವ ಹೊತ್ತಿಗೆ, ಹಿಡಿದದ್ದನ್ನು ಬೇಕೆಂದಾಗ ಬಿಡುವುದನ್ನೂ ಕಲಿಯುತ್ತದೆ.

ಈ ಮೊದಲ ವರುಷದಲ್ಲಿ ಮಗು ಎರಡೂ ಕೈಗಳನ್ನು ಬಳಸುವುದೇ ಸಹಜ. ಶಿಶುಗಳ ಕೈಬಳಕೆಯನ್ನು ವರ್ಷಗಟ್ಟಲೆ ಗಮನಿಸಿದ ಅಮೆರಿಕದ ಅರ್ನಾಲ್ಡ್ ಗೆಸೆಲ್ ಮತ್ತು ಲೂಯಿಸ್ ಏಮ್ಸ್ 1947ರಲ್ಲಿಯೇ ಇದನ್ನು ವಿವರಿಸಿದ್ದರು. ಮಗು ಕೆಲಕಾಲ ಎಡಗೈಯನ್ನು, ಕೆಲಕಾಲ ಬಲಗೈಯನ್ನು, ಮತ್ತೆ ಕೆಲಕಾಲ ಎರಡನ್ನೂ ಮುಂದುಮಾಡುತ್ತದೆ. ಸಾಮಾನ್ಯವಾಗಿ ಎರಡರಿಂದ ನಾಲ್ಕು ವರುಷದೊಳಗೆ ಯಾವುದಾದರೊಂದು ಕೈ ನೆಲೆಯಾಗಿ ನಿಲ್ಲುತ್ತದೆ.

ಹಾಗೆಂದು ಇದು ಕೇವಲ ರೂಢಿಯ ಫಲವಲ್ಲ. ಬೆಲ್‌ಫಾಸ್ಟ್‌ನ ಪೀಟರ್ ಹೆಪ್ಪರ್ ಮತ್ತು ಸಂಗಡಿಗರು ಗರ್ಭದಲ್ಲಿ ಹೆಬ್ಬೆರಳು ಚೀಪುತ್ತಿದ್ದ 75 ಶಿಶುಗಳನ್ನು ಸ್ಕ್ಯಾನಿಂಗ್‌ನಲ್ಲಿ ಕಂಡಿದ್ದರು. ಆ ಮಕ್ಕಳು ಹತ್ತು ಹನ್ನೆರಡು ವರುಷದವರಾದಾಗ ನಡೆಸಿದ ಪರಿಶೀಲನೆಯನ್ನು 2005ರಲ್ಲಿ ಪ್ರಕಟಿಸಿದರು. ಬಲ ಹೆಬ್ಬೆರಳನ್ನು ಚೀಪಿದ್ದ 60 ಮಕ್ಕಳೂ ಬಲಗೈಯವರಾಗಿದ್ದರು. ಎಡ ಹೆಬ್ಬೆರಳನ್ನು ಚೀಪಿದ್ದ 15 ಮಕ್ಕಳಲ್ಲಿ 10 ಮಂದಿ ಎಡಗೈಯವರಾಗಿದ್ದರು. ಜಗತ್ತಿನಲ್ಲಿ ಹತ್ತು ಜನರಲ್ಲಿ ಸುಮಾರು ಒಬ್ಬರು ಎಡಗೈಯವರು. ಅದು ಕೊರತೆಯೂ ಅಲ್ಲ, ಕೆಟ್ಟ ಚಾಳಿಯೂ ಅಲ್ಲ.

ತಾಯಂದಿರು ಎಚ್ಚರ ವಹಿಸಬೇಕಾದದ್ದು ಇಲ್ಲಿ: ವರುಷ ತುಂಬುವ ಮೊದಲೇ ಮಗು ಒಂದೇ ಕೈಯನ್ನು ಬಳಸುತ್ತ, ಇನ್ನೊಂದನ್ನು ಸದಾ ಮುಷ್ಟಿ ಕಟ್ಟಿಕೊಂಡಿದ್ದರೆ ಅಥವಾ ಅದನ್ನು ಚಾಚದಿದ್ದರೆ ‘ನಮ್ಮ ಕೂಸಿಗೆ ಬಲಗೈ ರೂಢಿಯಾಯಿತು’ ಎಂದು ಹಿಗ್ಗಬಾರದು. ಬಳಸದ ಕೈಯಲ್ಲಿ ಬಲ ಕಡಿಮೆಯಿರಬಹುದು. ಮಿದುಳಿಗೆ ಆದ ಪೆಟ್ಟಿನ ಮೊದಲ ಸುಳಿವು ಅದಾಗಿರಬಹುದು. ತಡಮಾಡದೆ ಮಕ್ಕಳ ವೈದ್ಯರಿಗೆ ತೋರಿಸಬೇಕು. ಎಳೆಯ ಮಿದುಳು ಹೊಸದನ್ನು ಬೇಗ ಕಲಿಯುವುದರಿಂದ ಬೇಗ ಆರಂಭಿಸಿದ ಚಿಕಿತ್ಸೆ ಹೆಚ್ಚು ಫಲ ಕೊಡುತ್ತದೆ.

ಮನೆಯಲ್ಲಿ ಮಾಡಬೇಕಾದದ್ದು ಸರಳ. ಆಟಿಕೆಯನ್ನು ಮಗುವಿನ ನಡುಮುಂದೆ ಇಡಿ. ಯಾವ ಕೈಯಿಂದ ಹಿಡಿಯಬೇಕೆಂಬುದನ್ನು ಅದೇ ನಿರ್ಧರಿಸಲಿ. ಎಚ್ಚರವಿರುವಾಗ, ನಿಮ್ಮ ಕಣ್ಣೆದುರಿನಲ್ಲಿ, ದಿನವೂ ಕೆಲಹೊತ್ತು ಬೋರಲಾಗಿ ಮಲಗಿಸಿ. ಭುಜ, ತೋಳುಗಳು ಬಲಗೊಳ್ಳುತ್ತವೆ. ಗುಂಡಿ, ನಾಣ್ಯ, ಹುಣಸೆಬೀಜಗಳು ಕೈಗೆ ಎಟುಕದಿರಲಿ. ಹೆಕ್ಕಿದ್ದೆಲ್ಲ ಬಾಯಿಗೇ ಹೋಗುತ್ತದೆ.

ಎಡಗೈ ಹೀನವೆಂಬ ಭಾವನೆ ನಮ್ಮ ಮನೆಗಳಿಗಂತೂ ಒಪ್ಪುವುದಿಲ್ಲ. ಪೂಜೆಯ ವೇಳೆ ಇಷ್ಟಲಿಂಗ ನೆಲೆಗೊಳ್ಳುವುದು ಎಡ ಅಂಗೈಯಲ್ಲಿಯೇ ಅಲ್ಲವೇ? ಅದೇ ಕೈಯಲ್ಲಿ ಮಗು ತುತ್ತು ಹಿಡಿದರೆ, ಮುಂದೆ ಬಳಪ ಹಿಡಿದರೆ, ಗದರದಿರೋಣ. ಮಗು ಯಾವ ಕೈಯಿಂದ ಬರೆಯುತ್ತದೆಂಬುದು ಚಿಂತೆಯ ವಿಷಯವಲ್ಲ. ಎರಡೂ ಕೈಗಳು ಚೆನ್ನಾಗಿ ಆಡುತ್ತಿವೆಯೇ ಎಂಬುದನ್ನು ನೋಡುವುದೇ ಹಿರಿಯರ ಹೊಣೆ.