ಬೇಸಿಗೆಯ ಬರೆಹ ಕಮ್ಮಟದಲ್ಲಿ ಸಹಾಯಕ ವಿದ್ಯಾರ್ಥಿ

ವಿಶ್ವವಿದ್ಯಾಲಯ ಅನುದಾನ ಆಯೋಗವು 2022ರಲ್ಲಿ ಪ್ರಕಟಿಸಿದ ಪದವಿ ಪಠ್ಯಕ್ರಮದ ಚೌಕಟ್ಟು ಇಂಟರ್ನ್‌ಶಿಪ್ಪಿಗೆ 2ರಿಂದ 4 ಕ್ರೆಡಿಟ್‌ಗಳನ್ನು ನಿಗದಿಪಡಿಸಿತು. ಅದಕ್ಕಾಗಿ ಕಚೇರಿ, ಪತ್ರಿಕಾಲಯಗಳು ಎಲ್ಲರಿಗೂ ಹೊಳೆಯುತ್ತವೆ. ಮಕ್ಕಳ ಬೇಸಿಗೆ ಬರೆಹ ಕಮ್ಮಟವು ಕನ್ನಡ ವಿದ್ಯಾರ್ಥಿಗೆ ತಕ್ಕ ನೆಲೆಯೆಂಬುದು ಹೊಳೆಯುವುದು ಅಪರೂಪ. ಅಲ್ಲಿ ಸಹಾಯಕನ ಪಾಲಿಗೆ ಬರುವುದು ಕಾಗದ ಹಂಚುವುದು, ಹಾಜರಿ ಬರೆಯುವುದು, ಮಗುವಿನ ಪಕ್ಕದಲ್ಲಿ ಕೂರುವುದು. ಈ ಕೊನೆಯದೇ ಕಷ್ಟದ ಕೆಲಸ.

ಮುಂಬಯಿ, ಪುಣೆಗಳಲ್ಲಿ ಮನೆಯೊಳಗೆ ಕನ್ನಡವಾಡುವ ಅನೇಕ ಮಕ್ಕಳಿಗೆ ಶಾಲೆಯಲ್ಲಿ ಕನ್ನಡ ಲಿಪಿ ದೊರೆಯುವುದಿಲ್ಲ. ಕಥೆ ಬಾಯಲ್ಲಿರುತ್ತದೆ, ಅಕ್ಷರ ಕೈಯಲ್ಲಿರುವುದಿಲ್ಲ. ಆಗ ಸಹಾಯಕನೇ ಲಿಪಿಕಾರನಾಗಬೇಕಾಗುತ್ತದೆ. ವಿಜಯಪುರದ ಕಡೆಯ ಮನೆಯ ಮಗು 'ಅಜ್ಜಿ ಬಂದಾಳ' ಎಂದರೆ ಅದನ್ನು 'ಬಂದಿದ್ದಾಳೆ' ಎಂದು ತಿದ್ದಿ ಬರೆಯುವ ಚಪಲ ಪದವಿ ವಿದ್ಯಾರ್ಥಿಗೆ ಸಹಜ. ತಿದ್ದಿದೊಡನೆ ಅಜ್ಜಿಯೇ ಬೇರೆಯಾಗುತ್ತಾಳೆ. ಮುಂದಿನ ವಾಕ್ಯವನ್ನು ಮಗು ಸಹಾಯಕನ ಮುಖ ನೋಡಿ ಹೇಳತೊಡಗುತ್ತದೆ.

ಈ ತೊಡಕಿಗೆ ಹಳೆಯ ದಾರಿಯೊಂದುಂಟು. ನ್ಯೂಜಿಲೆಂಡಿನ ಶಿಕ್ಷಕಿ ಸಿಲ್ವಿಯಾ ಆಷ್ಟನ್-ವಾರ್ನರ್ ಮಾವೊರಿ ಮಕ್ಕಳಿಂದಲೇ ಅವರಿಗೆ ಬೇಕಾದ ಪದಗಳನ್ನು ಕೇಳಿ, ಬರೆದುಕೊಟ್ಟು, ಅವುಗಳಿಂದ ಓದು ಕಲಿಸಿದ ಬಗೆಯನ್ನು 1963ರ 'ಟೀಚರ್' ಕೃತಿಯಲ್ಲಿ ವಿವರಿಸಿದ್ದಾರೆ. ಭಯ, ಪ್ರೀತಿಗಳ ಪದಗಳು ಬೇಗ ನೆಲೆನಿಲ್ಲುತ್ತವೆಂಬುದು ಅವರ ಅನುಭವ. ಕಮ್ಮಟದಲ್ಲಿಯೂ ಹೇಳಿದ್ದನ್ನು ಹೇಳಿದಂತೆ ಬರೆದು, ಓದಿ ಕೇಳಿಸಿ, ಮಗು ಬಯಸಿದರೆ ಮಾತ್ರ ಬದಲಿಸಿ, ಒಂದೆರಡು ಪದಗಳನ್ನು ಅದರ ಕೈಯಿಂದಲೇ ಬರೆಯಿಸಬಹುದು.

ಉಪಭಾಷೆಗಳನ್ನು ಪರೀಕ್ಷೆಗಾಗಿ ಓದಿದವನು ಇಲ್ಲಿ ಅವನ್ನು ಕಿವಿಗೊಟ್ಟು ಬರೆಯುತ್ತಾನೆ. ವಿಭಾಗಗಳು ಕ್ರೆಡಿಟ್ ನೀಡುವಾಗ ಹಾಜರಾತಿ ಪತ್ರದ ಜೊತೆಗೆ ಈ ಕರಡುಗಳನ್ನೂ ತರಿಸಿಕೊಂಡು ನೋಡುವುದು ಯುಕ್ತ.