ಸಂಗಮಮುಖಿ ಕುಮಾರಧಾರೆ

ಸಹ್ಯಾದ್ರಿಯ ಪುಷ್ಪಗಿರಿ-ಕುಮಾರಪರ್ವತ ಶ್ರೇಣಿಯಲ್ಲಿ ಉಗಮಿಸುವ ಕುಮಾರಧಾರೆಯು ತುಳುನಾಡಿನ ಪುಣ್ಯನದಿಗಳಲ್ಲೊಂದು. 1712 ಮೀಟರ್ ಎತ್ತರದ ಪುಷ್ಪಗಿರಿಯ ಸುತ್ತಲಿನ ದಟ್ಟಾರಣ್ಯವು ಮುಂಗಾರಿನ ನೀರನ್ನು ಹಿಡಿದಿರಿಸಿಕೊಂಡು ಬೇಸಗೆಯಲ್ಲಿ ನದಿಗೆ ಸ್ವಲ್ಪಸ್ವಲ್ಪವಾಗಿ ಬಿಟ್ಟುಕೊಡುತ್ತದೆ. ಹಿಂದೆ ಸುಳ್ಯ ತಾಲ್ಲೂಕಿನಲ್ಲಿದ್ದು ಈಗ ಕಡಬಕ್ಕೆ ಸೇರಿರುವ ಸುಬ್ರಹ್ಮಣ್ಯ ಕ್ಷೇತ್ರದಲ್ಲಿ ಇದು ಭಕ್ತರ ಸ್ನಾನತೀರ್ಥ. ಮುಂದೆ ಅಡಕೆತೋಟಗಳ ಜೀವಜಲ.

ನದಿಯ ನೆರೆಯ ಅಮರಸುಳ್ಯ ಸೀಮೆಯನ್ನು ಕೊಡಗಿನ ವೀರಶೈವ ಅರಸುಮನೆತನವಾದ ಹಾಲೇರಿ ವಂಶವು ಆಳಿತ್ತು. 1834ರಲ್ಲಿ ಆಂಗ್ಲರು ಕೊಡಗನ್ನು ವಶಪಡಿಸಿಕೊಂಡು, ಈ ಸೀಮೆಯನ್ನು ಅದರಿಂದ ಬೇರ್ಪಡಿಸಿ ಕೆನರಾ ಜಿಲ್ಲೆಗೆ ಸೇರಿಸಿದರು. ಧಾನ್ಯರೂಪದ ಕಂದಾಯವನ್ನು ಹಣದಲ್ಲಿಯೇ ತೆರಬೇಕೆಂಬ ಕಟ್ಟಳೆಯಿಂದ ನೊಂದ ರೈತರು 1837ರಲ್ಲಿ ಬಂಡೆದ್ದು, ಜಂಗಮವೇಷದ ಕಲ್ಯಾಣಸ್ವಾಮಿಯನ್ನು ಮುಂದಿರಿಸಿಕೊಂಡು ಪುತ್ತೂರಿನ ಮಾರ್ಗವಾಗಿ ಮಂಗಳೂರನ್ನು ಮುಟ್ಟಿದರು. ಆಳುವವರು ಗಡಿಯನ್ನು ಬದಲಿಸಿದರೂ ಘಟ್ಟವನ್ನೂ ಕರಾವಳಿಯನ್ನೂ ಬೆಸೆಯುವ ನದಿಯ ಕಾಯಕವು ನಿಲ್ಲಲಿಲ್ಲ.

ಪುತ್ತೂರು ತಾಲ್ಲೂಕಿನ ಉಪ್ಪಿನಂಗಡಿಯಲ್ಲಿ, ಸಹಸ್ರಲಿಂಗೇಶ್ವರ ದೇವಾಲಯದ ಬಳಿ, ಕುಮಾರಧಾರೆಯು ನೇತ್ರಾವತಿಯನ್ನು ಕೂಡುತ್ತದೆ. ಬೇಸಗೆಯಲ್ಲಿ ಮರಳಿನ ನಡುವೆ ದರ್ಶನವೀಯುವ ಲಿಂಗವು ಮಳೆಗಾಲದಲ್ಲಿ ಜಲಗರ್ಭವನ್ನು ಸೇರುವುದು. ನೆರೆ ಏರಿ ಎರಡೂ ನದಿಗಳು ದೇವಾಲಯದ ಮುಂದೆ ಒಂದಾದ ದಿನವನ್ನು ಜನರು ‘ಸಂಗಮ’ವೆಂದು ಕರೆದು ಬಾಗಿನವನ್ನರ್ಪಿಸುತ್ತಾರೆ. ಅಲ್ಲಿಂದ ಕಡಲಿನವರೆಗೆ ಉಳಿಯುವುದು ನೇತ್ರಾವತಿಯೆಂಬ ಹೆಸರೊಂದೇ. ಕೃಷ್ಣಾ-ಮಲಪ್ರಭೆಗಳ ಸಂಗಮವನ್ನು ಅಂಕಿತದಲ್ಲಿ ಧರಿಸಿದ ಬಸವಣ್ಣನವರ ಪರಂಪರೆಗೆ ಈ ನಾಮತ್ಯಾಗದ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಮಲೆಯ ಕಾಡು ಅಳಿದರೆ ಧಾರೆಯು ಬತ್ತುವುದು. ಧಾರೆ ಬತ್ತಿದ ಮೇಲೆ ಸಂಗಮವೆಲ್ಲಿ? ಆದುದರಿಂದ ತೀರ್ಥವನ್ನು ಪೂಜಿಸುವವರು ಅದರ ಮೂಲವಾದ ಅರಣ್ಯವನ್ನು ಕಾಯುವುದೂ ಪೂಜೆಯ ಅಂಗವೇ ಆಗಿದೆ.